ಎರಡು ಗ್ಯಾಲಕ್ಸಿ ಒಂದಾದಾಗ ವೇಗ ಎಲ್ಲಿ ಹೋಗುತ್ತದೆ, ತೂಕ ಎಷ್ಟಾಗುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಗ್ಯಾಲಕ್ಸಿಗಳ ವಿಲೀನದ ಬಗ್ಗೆ ಕೇಳಿದವರೇ ಹೆಚ್ಚು. ನೆರೆಯ ದೊಡ್ಡ ಗ್ಯಾಲಕ್ಸಿ ಆಂಡ್ರೊಮಿಡಾ ಬಂದು ನಮ್ಮ ಆಕಾಶಗಂಗೆಗೆ ಗುದ್ದುವ ವಿಡಿಯೊಗಳನ್ನು ತುಂಬಾ ಜನ ನೋಡಿದ್ದೀರಿ ಅನ್ನಿಸುತ್ತದೆ. ಹೆದರಿಕೆಯಿಂದ ಬರೆದವರಿದ್ದಾರೆ, ಲೆಕ್ಕ ಕೇಳಿ ಬರೆದವರೂ ಇದ್ದಾರೆ. ಲೆಕ್ಕ ಕೇಳಿದವರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಈ ವಿಷಯದ ನಿಜವಾದ ಅಚ್ಚರಿ ಅಲ್ಲೇ ಇದೆ.

ಪ್ರಶ್ನೆ: ಎರಡು ಗ್ಯಾಲಕ್ಸಿ ಡಿಕ್ಕಿ ಹೊಡೆದರೆ ಒಳಗಿನ ನಕ್ಷತ್ರಗಳು ಒಂದಕ್ಕೊಂದು ಬಡಿದು ಚೂರಾಗಲ್ವಾ? (ಪಿಯುಸಿ ವಿದ್ಯಾರ್ಥಿನಿ, ಮಲ್ಲೇಶ್ವರ)

ಆಗುವುದಿಲ್ಲ. ನಕ್ಷತ್ರಗಳ ನಡುವೆ ಅಷ್ಟು ಖಾಲಿ ಜಾಗ ಇದೆ. ಸೂರ್ಯನನ್ನು ಒಂದು ಸೆಂಟಿಮೀಟರಿನ ಕಡಲೆಬೀಜದಷ್ಟು ಚಿಕ್ಕದು ಮಾಡಿ ಬಸವನಗುಡಿಯಲ್ಲಿ ಇಟ್ಟೆವು ಅನ್ನಿ. ಅದೇ ಅಳತೆಯಲ್ಲಿ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಸುಮಾರು 290 ಕಿಲೋಮೀಟರ್ ಆಚೆ, ಅಂದರೆ ಚೆನ್ನೈ ಹತ್ತಿರ ಸಿಗುತ್ತದೆ. ನಡುವೆ ಬೇರೆ ಯಾವ ನಕ್ಷತ್ರವೂ ಇಲ್ಲ. ಹೀಗಿರುವಾಗ ಕೋಟಿಗಟ್ಟಲೆ ನಕ್ಷತ್ರಗಳು ಎದುರುಬದುರು ಬಂದರೂ ಒಂದಕ್ಕೊಂದು ತಾಗದೆ ದಾಟಿ ಹೋಗುತ್ತವೆ.

ಆದರೆ ಗ್ಯಾಲಕ್ಸಿಗಳ ನಡುವಿನ ಜಾಗ ಅಷ್ಟು ದೊಡ್ಡದಲ್ಲ. ಆಕಾಶಗಂಗೆಯ ತಟ್ಟೆ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ಅಗಲ. ಆಂಡ್ರೊಮಿಡಾ ಇರುವುದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ, ಅಂದರೆ ನಮ್ಮ ಅಗಲದ 25 ಪಟ್ಟು ಆಚೆ ಮಾತ್ರ. ಅದಕ್ಕೇ ನಕ್ಷತ್ರಗಳ ಡಿಕ್ಕಿ ಅಪರೂಪ, ಗ್ಯಾಲಕ್ಸಿಗಳ ಡಿಕ್ಕಿ ಸಾಮಾನ್ಯ. ನಿಜಕ್ಕೂ ಬಡಿದುಕೊಳ್ಳುವುದು ಅನಿಲದ ಮೋಡಗಳು. ಅವು ಹರಡಿಕೊಂಡಿರುವುದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಪ್ರಶ್ನೆ: ಶಕ್ತಿ ನಾಶವಾಗಲ್ಲ ಅಂತ ಓದಿದ್ದೇವೆ. ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಬಂದ ಎರಡು ಗ್ಯಾಲಕ್ಸಿ ಕೊನೆಗೆ ಒಂದಾಗಿ ನಿಂತವು ಅಂದರೆ ಆ ವೇಗ ಎಲ್ಲಿ ಹೋಯಿತು? ಹೊಸ ಗ್ಯಾಲಕ್ಸಿಯ ತೂಕ ಎರಡರ ಮೊತ್ತವೇ? (ನಿವೃತ್ತ ಎಂಜಿನಿಯರ್, ಜಯನಗರ)

ಬಹಳ ಒಳ್ಳೆಯ ಪ್ರಶ್ನೆ. ಚಿಕ್ಕ ಉತ್ತರ ಇಷ್ಟು: ವೇಗ ಎಲ್ಲೂ ಹೋಗುವುದಿಲ್ಲ, ನಕ್ಷತ್ರಗಳಿಗೆ ಹಂಚಿಹೋಗುತ್ತದೆ. ತೂಕ ಹೆಚ್ಚುಕಡಿಮೆ ಮೊತ್ತವೇ, ಆದರೆ ಪೂರ್ತಿ ಅಲ್ಲ. ಇದರ ಹಿಂದಿನ ಕಥೆ ಸ್ವಲ್ಪ ಉದ್ದ.

ಈ ಲೆಕ್ಕವನ್ನು ಮೊದಲು ಪ್ರಯೋಗ ಮಾಡಿ ನೋಡಿದವರು ಸ್ವೀಡನ್ನಿನ ಎರಿಕ್ ಹೋಮ್‌ಬರ್ಗ್, 1941ರಲ್ಲಿ. ಆಗ ಇಂಥ ಲೆಕ್ಕಕ್ಕೆ ಕಂಪ್ಯೂಟರ್ ಎಲ್ಲಿತ್ತು? ಬೆಳಕೂ ಗುರುತ್ವವೂ ದೂರ ಎರಡು ಪಟ್ಟಾದರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತವೆ. ಈ ಹೋಲಿಕೆಯನ್ನು ಅವರು ಹಿಡಿದರು. ಒಂದೊಂದು ಗ್ಯಾಲಕ್ಸಿಗೆ 37ರಂತೆ 74 ಬಲ್ಬುಗಳನ್ನು ಮೇಜಿನ ಮೇಲೆ ಜೋಡಿಸಿದರು. ಪ್ರತಿ ಬಲ್ಬಿನ ಜಾಗದಲ್ಲಿ ಎಷ್ಟು ಬೆಳಕು ಬೀಳುತ್ತದೆ ಎಂದು ಅಳೆದರು. ಅದನ್ನೇ ಎಳೆತ ಅಂದುಕೊಂಡು ಬಲ್ಬುಗಳನ್ನು ಸ್ವಲ್ಪ ಸರಿಸಿದರು, ಮತ್ತೆ ಅಳೆದರು. ಹತ್ತಿರ ಬಂದ ಗ್ಯಾಲಕ್ಸಿಗಳ ಆಕಾರ ಕೆಡುತ್ತದೆ, ವೇಗ ಕಡಿಮೆಯಾಗಿ ಒಂದನ್ನೊಂದು ಹಿಡಿದುಕೊಳ್ಳಬಹುದು ಎಂದು ಅವರಿಗೆ ಕಂಡಿತು. ಇಷ್ಟು ಸರಳ ಸಾಮಾನಿನಲ್ಲಿ ಇಷ್ಟು ದೊಡ್ಡ ಮಾತು ಕಂಡುಕೊಂಡ ಪ್ರಯೋಗ ಖಗೋಳ ವಿಜ್ಞಾನದಲ್ಲಿ ಇನ್ನೊಂದು ನನಗೆ ಹೊಳೆಯುವುದಿಲ್ಲ.

ವೇಗ ಹೇಗೆ ಇಳಿಯುತ್ತದೆ ಎಂಬ ಸೂತ್ರ ಕೊಟ್ಟವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್, 1943ರಲ್ಲಿ. ಶ್ವೇತಕುಬ್ಜ ನಕ್ಷತ್ರಗಳ ಮಿತಿಗಾಗಿ ಎಲ್ಲರೂ ಅವರನ್ನು ನೆನೆಯುತ್ತಾರೆ. ಈ ಕೆಲಸವೂ ಅಷ್ಟೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಅವರು ಲೆಕ್ಕ ಮಾಡಿದ್ದು ನಕ್ಷತ್ರಗಳ ಗುಂಪಿನ ನಡುವೆ ಸಾಗುವ ಒಂಟಿ ನಕ್ಷತ್ರಕ್ಕೆ. ಗ್ಯಾಲಕ್ಸಿಗೂ ಅದೇ ತರ್ಕ ಸಲ್ಲುತ್ತದೆ. ಒಂದು ಗ್ಯಾಲಕ್ಸಿ ಇನ್ನೊಂದರ ಒಳಗೆ ನುಗ್ಗುವಾಗ ಸುತ್ತಲಿನ ನಕ್ಷತ್ರಗಳನ್ನೂ ಡಾರ್ಕ್ ಮ್ಯಾಟರ್ ಎಂಬ ಕಣ್ಣಿಗೆ ಕಾಣದ ದ್ರವ್ಯವನ್ನೂ ತನ್ನ ಕಡೆ ಎಳೆಯುತ್ತದೆ. ಅವು ಹತ್ತಿರ ಬರುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ಹೀಗಾಗಿ ಅದರ ಬೆನ್ನ ಹಿಂದೆ ದ್ರವ್ಯ ಸ್ವಲ್ಪ ದಟ್ಟವಾಗುತ್ತದೆ, ಆ ದಟ್ಟಣೆ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಏನೂ ತಾಗದೆ, ಏನೂ ಉಜ್ಜದೆ, ಬರೀ ಗುರುತ್ವದಿಂದಲೇ ಬ್ರೇಕ್ ಬೀಳುತ್ತದೆ.

ಈ ಸೂತ್ರದಲ್ಲಿ ಎರಡು ಮುಖ್ಯ ಸಂಗತಿಗಳಿವೆ. ನುಗ್ಗುವ ಗ್ಯಾಲಕ್ಸಿಯ ತೂಕ ಎರಡು ಪಟ್ಟಾದರೆ ಜಗ್ಗುವ ಬಲ ನಾಲ್ಕು ಪಟ್ಟಾಗುತ್ತದೆ. ಅಂದರೆ ಭಾರದ ಗ್ಯಾಲಕ್ಸಿಗಳೇ ಬೇಗ ಒಳಗೆ ಇಳಿಯುತ್ತವೆ. ಇನ್ನೊಂದು, ವೇಗ ತುಂಬಾ ಹೆಚ್ಚಿದ್ದರೆ ಬ್ರೇಕ್ ಸರಿಯಾಗಿ ಹಿಡಿಯುವುದೇ ಇಲ್ಲ. ಜೋರಾಗಿ ಗುದ್ದಿದರೆ ಚೆನ್ನಾಗಿ ಅಂಟಿಕೊಳ್ಳುತ್ತವೆ ಎಂದು ನಾವು ಸುಮ್ನೆ ಊಹಿಸುತ್ತೇವೆ. ನಡೆಯುವುದು ಅದರ ಉಲ್ಟಾ. ಕೋಮಾ ಗುಚ್ಛದಂಥ ದೊಡ್ಡ ಗುಂಪುಗಳಲ್ಲಿ ಗ್ಯಾಲಕ್ಸಿಗಳು ಸೆಕೆಂಡಿಗೆ ಸಾವಿರ ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಓಡಾಡುತ್ತವೆ. ಅಕ್ಕಪಕ್ಕ ಬಂದರೂ ಒಂದನ್ನೊಂದು ಸ್ವಲ್ಪ ಅಲುಗಾಡಿಸಿ ಹೊರಟುಹೋಗುತ್ತವೆ. ನಿಧಾನವಾಗಿ ಬರುವವು ಮಾತ್ರ ಒಂದಾಗುತ್ತವೆ. ಅದಕ್ಕೇ ನಮ್ಮದರಂಥ ಚಿಕ್ಕ ಗುಂಪುಗಳು ವಿಲೀನಕ್ಕೆ ಹೆಚ್ಚು ಅನುಕೂಲದ ಜಾಗ.

ಇನ್ನು ಹಂಚಿಕೆಯ ವಿಷಯ. ವಿಲೀನಕ್ಕೆ ಮುಂಚೆ ತಟ್ಟೆಯಾಕಾರದ ಗ್ಯಾಲಕ್ಸಿಯಲ್ಲಿ ಒಂದು ಶಿಸ್ತು ಇರುತ್ತದೆ. ಸೂರ್ಯ ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ಆಕಾಶಗಂಗೆಯ ನಡುವನ್ನು ಸುತ್ತುತ್ತಾನೆ, ಸುತ್ತಲಿನ ನಕ್ಷತ್ರಗಳೂ ಅದೇ ದಿಕ್ಕಿಗೆ ಸುತ್ತುತ್ತವೆ. ಎರಡು ದೊಡ್ಡ ಗ್ಯಾಲಕ್ಸಿಗಳು ಒಂದರೊಳಗೊಂದು ಹೊಕ್ಕು ಹೊರಬಂದು ಮತ್ತೆ ಹೊಕ್ಕಾಗ ಗುರುತ್ವದ ಎಳೆತವೇ ಎಡೆಬಿಡದೆ ಬದಲಾಗುತ್ತದೆ. ಆ ಗೊಂದಲದಲ್ಲಿ ಕೆಲವು ನಕ್ಷತ್ರಗಳಿಗೆ ಶಕ್ತಿ ಸಿಗುತ್ತದೆ, ಕೆಲವು ಕಳೆದುಕೊಳ್ಳುತ್ತವೆ. ಇದನ್ನು 1967ರಲ್ಲಿ ವಿವರಿಸಿದವರು ಡೊನಾಲ್ಡ್ ಲಿಂಡನ್-ಬೆಲ್. ಕೊನೆಗೆ ಉಳಿಯುವುದು ಹೆಚ್ಚಾಗಿ ಮೊಟ್ಟೆಯಾಕಾರದ ಗ್ಯಾಲಕ್ಸಿ. ಅದರಲ್ಲಿ ನಕ್ಷತ್ರಗಳು ಎಲ್ಲ ದಿಕ್ಕಿಗೂ ಓಡಾಡುತ್ತವೆ. ಒಟ್ಟಾಗಿ ಬಂದ ವೇಗ ಹೀಗೆ ಬಿಡಿಬಿಡಿಯಾಗಿ, ದಿಕ್ಕಿಲ್ಲದ ಓಟವಾಗಿ ಉಳಿದುಕೊಳ್ಳುತ್ತದೆ. ಅನಿಲ ಧಾರಾಳವಾಗಿ ಉಳಿದಿದ್ದರೆ ಮುಂದೆ ಹೊಸ ತಟ್ಟೆಯೂ ಮೂಡಬಹುದು.

ಎಂಜಿನಿಯರ್ ಆದ ನಿಮಗೆ ಈ ಲೆಕ್ಕ ಖಂಡಿತ ಇಷ್ಟವಾಗುತ್ತದೆ. ಅನಿಲವಿಲ್ಲದ, ಒಂದೇ ತೂಕದ, ಒಂದೇ ಥರದ ಎರಡು ಗ್ಯಾಲಕ್ಸಿಗಳು ದೂರದಿಂದ ಮೆಲ್ಲನೆ ಬಂದು ಸೇರಿದವು ಅನ್ನಿ. ಒಟ್ಟು ಶಕ್ತಿ ಎರಡು ಪಟ್ಟು, ತೂಕವೂ ಎರಡು ಪಟ್ಟು. ಹಾಗಾದರೆ ಒಂದು ನಕ್ಷತ್ರದ ಪಾಲಿಗೆ ಬರುವ ಶಕ್ತಿ ಮೊದಲಿನಷ್ಟೇ. ಅಂದರೆ ತೂಕ ಎರಡು ಪಟ್ಟಾದರೂ ನಕ್ಷತ್ರಗಳ ಸರಾಸರಿ ವೇಗ ಏರುವುದೇ ಇಲ್ಲ! ಏರುವುದು ಅಗಲ, ಅದು ಎರಡು ಪಟ್ಟಾಗುತ್ತದೆ. ಈಗ ಇನ್ನೊಂದು ದಾರಿ ನೋಡಿ. ಅದೇ ಗ್ಯಾಲಕ್ಸಿ ಒಂದು ದೊಡ್ಡದನ್ನು ನುಂಗುವ ಬದಲು ತುಂಬಾ ಪುಟ್ಟ ಗ್ಯಾಲಕ್ಸಿಗಳನ್ನು ಒಂದೊಂದಾಗಿ ನುಂಗಿ ತೂಕ ಎರಡು ಪಟ್ಟು ಮಾಡಿಕೊಂಡಿತು. ಆಗ ಅಗಲ ನಾಲ್ಕು ಪಟ್ಟಾಗುತ್ತದೆ, ವೇಗ ಸುಮಾರು ನೂರಕ್ಕೆ 70ಕ್ಕೆ ಇಳಿಯುತ್ತದೆ. ಕೊನೆಯ ತೂಕ ಎರಡರಲ್ಲೂ ಒಂದೇ. ಬೆಳೆದ ದಾರಿ ಬೇರೆ, ಹಾಗಾಗಿ ಆಕಾರವೂ ವೇಗವೂ ಬೇರೆ. ಇದು ಕಾಗದದ ಮೇಲಿನ ಆದರ್ಶ ಲೆಕ್ಕ, ನಿಜದಲ್ಲಿ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ.

ಇದು ಬರೀ ಕಾಗದದ ಆಟವೂ ಅಲ್ಲ. ಸುಮಾರು ಸಾವಿರ ಕೋಟಿ ವರ್ಷ ಹಿಂದಿನ ಕೆಲವು ಭಾರೀ ಗ್ಯಾಲಕ್ಸಿಗಳನ್ನು ಹಬಲ್ ದೂರದರ್ಶಕದಿಂದ ನೋಡಿದಾಗ ಅವು ವಿಪರೀತ ಚಿಕ್ಕದಾಗಿ ಕಂಡವು. ಇಂದಿನ ಅಷ್ಟೇ ತೂಕದ ಗ್ಯಾಲಕ್ಸಿಗಳಿಗೆ ಹೋಲಿಸಿದರೆ ಅವುಗಳ ಅಗಲ ಮೂರರಿಂದ ಐದನೇ ಒಂದು ಭಾಗ ಅಷ್ಟೆ. ಅವು ಈಗಿನಷ್ಟು ಹಿಗ್ಗಿದ್ದು ಹೇಗೆ? ಪುಟ್ಟ ಗ್ಯಾಲಕ್ಸಿಗಳನ್ನು ನಿಧಾನವಾಗಿ ನುಂಗುತ್ತಾ ಬಂದವು ಎಂಬುದೇ ಈಗ ಹೆಚ್ಚು ಜನ ಒಪ್ಪುವ ಉತ್ತರ.

ಇನ್ನು ತೂಕದ ಸೋರಿಕೆ. ಡಿಕ್ಕಿಯ ಹೊತ್ತಿಗೆ ಒಂದು ಗ್ಯಾಲಕ್ಸಿಯ ಹತ್ತಿರದ ಬದಿಯ ಮೇಲೆ ಎಳೆತ ಹೆಚ್ಚು, ದೂರದ ಬದಿಯ ಮೇಲೆ ಕಡಿಮೆ. ಇದರಿಂದ ಅದು ಎರಡೂ ಕಡೆಗೆ ಹಿಗ್ಗಿ ಉದ್ದನೆಯ ಬಾಲಗಳು ಹೊರಡುತ್ತವೆ. ಅಲಾರ್ ಮತ್ತು ಯೂರಿ ಟೂಮ್ರೆ ಎಂಬ ಅಣ್ಣತಮ್ಮಂದಿರು 1972ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ಇದನ್ನು ತೋರಿಸಿದರು. ಆಂಟೆನೆ ಎಂದು ಕರೆಯುವ ಎನ್‌ಜಿಸಿ 4038, 4039 ಜೋಡಿಯ ಬಾಲಗಳನ್ನು ಅವರು ಹೆಚ್ಚುಕಡಿಮೆ ಹಾಗೆಯೇ ಮೂಡಿಸಿದ್ದರು. ಬಾಲಕ್ಕೆ ಹೋದ ದ್ರವ್ಯದಲ್ಲಿ ಬಹುಪಾಲು ಮುಂದೆ ವಾಪಸ್ ಬೀಳುತ್ತದೆ, ಸ್ವಲ್ಪ ಭಾಗ ಶಾಶ್ವತವಾಗಿ ಹೊರಟುಹೋಗುತ್ತದೆ. ಆ ಲೆಕ್ಕದಲ್ಲಿ ಮೊತ್ತ ಒಂದಿಷ್ಟು ಕಡಿಮೆಯಾಗುತ್ತದೆ.

ಅನಿಲದ ಕಥೆಯೇ ಬೇರೆ. ಡಿಕ್ಕಿಯಲ್ಲಿ ಅದು ಸುತ್ತುವ ಶಕ್ತಿ ಕಳೆದುಕೊಂಡು ನಡುವಿನ ಕಡೆ ಕುಸಿಯುತ್ತದೆ, ಅಲ್ಲಿ ನಕ್ಷತ್ರಗಳು ಒಮ್ಮೆಲೇ ಹುಟ್ಟುತ್ತವೆ. ಅನಿಲ ಬಡಿದಾಗ ನಕ್ಷತ್ರ ಹುಟ್ಟುವುದು ಯಾಕೆ ಎಂಬುದಕ್ಕೆ ನಮ್ಮ ಬೆಂಗಳೂರಿನಿಂದಲೇ ಒಂದು ಉತ್ತರ ಬಂದಿದೆ. ಐಐಎಸ್‌ಸಿಯ ಚಂದಾ ಜೋಗ್ ಅವರು ಫಿಲಿಪ್ ಸಾಲೊಮನ್ ಜೊತೆ 1992ರಲ್ಲಿ ಅದನ್ನು ವಿವರಿಸಿದರು. ತೆಳು ಅನಿಲದ ಮೋಡಗಳು ಬಡಿದು ಕಾದು ಒತ್ತಡ ಏರುತ್ತದೆ. ಆ ಒತ್ತಡ ಅಲ್ಲೇ ಇದ್ದ ದಟ್ಟ ಮೋಡಗಳನ್ನು ಸುತ್ತಲಿಂದ ಅದುಮುತ್ತದೆ, ಅದುಮಿದ ಮೋಡ ನಕ್ಷತ್ರಗಳಾಗುತ್ತದೆ. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ 220 ಎಂಬ ಗ್ಯಾಲಕ್ಸಿಯಲ್ಲಿ ಹೀಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ಸೂರ್ಯರಷ್ಟು ಅನಿಲ ನಕ್ಷತ್ರವಾಗುತ್ತಿದೆ. ಆಕಾಶಗಂಗೆಯಲ್ಲಿ ಅದು ಒಂದೆರಡು ಸೂರ್ಯರಷ್ಟು. ಹೊಸ ನಕ್ಷತ್ರಗಳ ಗಾಳಿ, ಸೂಪರ್‌ನೋವಾ ಸ್ಫೋಟಗಳು ಉಳಿದ ಅನಿಲದ ಒಂದು ಭಾಗವನ್ನು ಹೊರಕ್ಕೆ ಊದಿಬಿಡುತ್ತವೆ. ಹಾಗಾಗಿ ನಕ್ಷತ್ರಗಳ ತೂಕ ಎರಡರ ಮೊತ್ತಕ್ಕಿಂತ ಜಾಸ್ತಿ ಆಗಬಹುದು, ಅನಿಲದ ತೂಕ ತುಂಬಾ ಇಳಿಯಬಹುದು. ಡಾರ್ಕ್ ಮ್ಯಾಟರ್ ಬಹುಪಾಲು ಹಾಗೆಯೇ ಕೂಡಿಕೊಳ್ಳುತ್ತದೆ. ಒಟ್ಟು ತೂಕದಲ್ಲಿ ಅದರದೇ ದೊಡ್ಡ ಪಾಲು.

ಪ್ರಶ್ನೆ: ಗ್ಯಾಲಕ್ಸಿಯನ್ನು ತೂಗುವುದು ಅದರ ನಕ್ಷತ್ರಗಳ ವೇಗ ನೋಡಿ ಅಂತೀರಿ. ವಿಲೀನದಿಂದ ವೇಗವೇ ಕೆಟ್ಟುಹೋದರೆ ತೂಕವೂ ತಪ್ಪಾಗುತ್ತಲ್ವಾ? (ಕಾಲೇಜು ಉಪನ್ಯಾಸಕಿ, ರಾಜಾಜಿನಗರ)

ಆಗುತ್ತದೆ. ಸದ್ಯ ನಮ್ಮದೇ ಗ್ಯಾಲಕ್ಸಿಯಲ್ಲಿ ಅದು ಆಗುತ್ತಿದೆ.

ಮೊದಲು ಚಲನೆಯಿಂದ ತೂಕ ಹೇಗೆ ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ವಿಶ್ವ ಹಿಗ್ಗುತ್ತಿದೆ, ಗ್ಯಾಲಕ್ಸಿಗಳು ದೂರ ಸರಿಯುತ್ತಿವೆ. ಆದರೆ ಆಂಡ್ರೊಮಿಡಾ ನಮ್ಮ ಕಡೆ ಬರುತ್ತಿದೆ. ಅಂದರೆ ಒಂದು ಕಾಲದಲ್ಲಿ ದೂರ ಹೋಗುತ್ತಿದ್ದುದನ್ನು ಯಾವುದೋ ಎಳೆತ ತಡೆದು ತಿರುಗಿಸಿದೆ. ವಿಶ್ವದ ವಯಸ್ಸಿನೊಳಗೆ ಅಷ್ಟು ದೂರದ್ದನ್ನು ತಿರುಗಿಸಲು ಎಷ್ಟು ತೂಕ ಬೇಕು ಎಂದು 1959ರಲ್ಲಿ ಕಾನ್ ಮತ್ತು ವೋಲ್ಟ್ಯರ್ ಎಂಬ ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿದರು. ಎರಡೂ ಗ್ಯಾಲಕ್ಸಿಗಳಿಗೆ ಆಗ ಗೊತ್ತಿದ್ದ ತೂಕಕ್ಕಿಂತ ಹಲವು ಪಟ್ಟು ಜಾಸ್ತಿ ಬಂತು. ಕಾಣದ ದ್ರವ್ಯ ಇದೆ ಎಂಬುದಕ್ಕೆ ಅದು ಒಂದು ಗಟ್ಟಿ ಸುಳಿವಾಗಿತ್ತು. ಎರಡು ಗ್ಯಾಲಕ್ಸಿಗಳು ಹತ್ತಿರ ಬರುವ ವೇಗ ಒಂದರಿಂದಲೇ ಇಷ್ಟು ತಿಳಿಯಿತು, ನೋಡಿ.

ಈಗ ಎಡವಟ್ಟಿನ ವಿಷಯ. ವೇಗದಿಂದ ತೂಕ ಕಟ್ಟುವಾಗ ಗ್ಯಾಲಕ್ಸಿ ಒಂದು ನೆಲೆಗೆ ಬಂದು ಕೂತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಆಕಾಶಗಂಗೆ ಹಾಗೆ ಕೂತಿಲ್ಲ. ದೊಡ್ಡ ಮೆಗಲಾನಿಕ್ ಮೋಡ ಎಂಬ ನೆರೆಯ ಗ್ಯಾಲಕ್ಸಿ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅದು ಬರೀ ಪುಟ್ಟ ಉಪಗ್ರಹ ಎಂದು ತುಂಬಾ ಕಾಲ ಅಂದುಕೊಂಡಿದ್ದೆವು. ಈಗಿನ ಅಳತೆಗಳಲ್ಲಿ ಅದರ ತೂಕ ಆಕಾಶಗಂಗೆಯ ಹತ್ತನೇ ಒಂದು ಭಾಗಕ್ಕೂ ಜಾಸ್ತಿ. ಅದರ ಎಳೆತಕ್ಕೆ ನಮ್ಮ ತಟ್ಟೆ ಸ್ಥಳ ಬಿಟ್ಟು ಸರಿಯುತ್ತಿದೆ. ಹೊರವಲಯದ ನಕ್ಷತ್ರಗಳು ಅಷ್ಟು ಬೇಗ ಹಿಂಬಾಲಿಸಲಾರವು. ಅವಕ್ಕೂ ನಮಗೂ ನಡುವೆ ಸೆಕೆಂಡಿಗೆ ಸುಮಾರು 30 ಕಿಲೋಮೀಟರಿನ ವ್ಯತ್ಯಾಸ ಇದೆ ಎಂದು 2021ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿದವು. ಈ ಸರಿದಾಟವನ್ನು ಬಿಟ್ಟು ಲೆಕ್ಕ ಹಾಕಿದರೆ ಆಕಾಶಗಂಗೆಯ ತೂಕ ನಿಜಕ್ಕಿಂತ ಜಾಸ್ತಿ ಕಾಣುತ್ತದೆ.

ಹಾಗಂತ ಕೆಟ್ಟ ಚಲನೆ ಬರೀ ತೊಂದರೆ ಅಲ್ಲ, ಅದರಲ್ಲೇ ಹಳೆಯ ದಾಖಲೆ ಇರುತ್ತದೆ. ಗಾಯಾ ಉಪಗ್ರಹ 2018ರಲ್ಲಿ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಚಲನೆಯ ಮಾಹಿತಿ ಕೊಟ್ಟಿತು. ಅದರಲ್ಲಿ ಒಂದು ಗುಂಪು ಬೇರೆಯೇ ಥರ ಓಡುತ್ತಿತ್ತು. ಎಲ್ಲವೂ ಸುತ್ತು ಹಾಕುತ್ತಿದ್ದರೆ ಇವು ಗ್ಯಾಲಕ್ಸಿಯ ನಡುವಿನ ಕಡೆಗೆ ಬಿದ್ದು ಮತ್ತೆ ಹೊರಗೆ ಬರುವ ಉದ್ದನೆಯ ದಾರಿಯಲ್ಲಿದ್ದವು. ಅವುಗಳ ರಾಸಾಯನಿಕ ಗುರುತೂ ಬೇರೆ. ಸುಮಾರು ಸಾವಿರ ಕೋಟಿ ವರ್ಷ ಹಿಂದೆ ಆಕಾಶಗಂಗೆ ನುಂಗಿದ ಒಂದು ಗ್ಯಾಲಕ್ಸಿಯ ಉಳಿಕೆ ಅದು. ಅಮಿನಾ ಹೆಲ್ಮಿ ಅವರ ತಂಡ ಅದನ್ನು ಗಾಯಾ-ಎನ್ಸೆಲಾಡಸ್ ಎಂದು ಕರೆಯಿತು. ಆಕಾರ ಅಳಿಸಿಹೋಗಿ ಎಷ್ಟೋ ಕಾಲವಾದರೂ ಆ ನಕ್ಷತ್ರಗಳ ಓಟ ಮಾತ್ರ ಬದಲಾಗಿಲ್ಲ.

ಪ್ರಶ್ನೆ: ಆಂಡ್ರೊಮಿಡಾ ಬರುತ್ತೆ ಅಂತ ನನ್ನ ಮಗ ಹೆದರಿದ್ದಾನೆ. ಏನು ಹೇಳಲಿ? (ಗೃಹಿಣಿ, ಯಲಹಂಕ)

ಹೆದರಬೇಡ ಎಂದು ಧೈರ್ಯವಾಗಿ ಹೇಳಿ. ಅದು ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಹತ್ತಿರ ಬರುತ್ತಿರುವುದು ನಿಜ. ದೂರವನ್ನು ಆ ವೇಗದಿಂದ ಭಾಗಿಸಿದರೆ 680 ಕೋಟಿ ವರ್ಷ ಬರುತ್ತದೆ. ಹತ್ತಿರವಾದಂತೆ ಎಳೆತ ಹೆಚ್ಚಿ ವೇಗ ಏರುವುದರಿಂದ ಅಷ್ಟು ಕಾಲ ಬೇಡ. ಹಬಲ್ ಅಳತೆಗಳ ಮೇಲೆ 2012ರಲ್ಲಿ ಸುಮಾರು 400 ಕೋಟಿ ವರ್ಷ ಎಂದಿದ್ದರು, ಡಿಕ್ಕಿ ಖಚಿತ ಎಂದೂ ಹೇಳಿದ್ದರು. 2025ರಲ್ಲಿ ಬಂದ ಹೊಸ ಲೆಕ್ಕ ಮೆಗಲಾನಿಕ್ ಮೋಡದ ಮತ್ತು ಎಂ33 ಗ್ಯಾಲಕ್ಸಿಯ ಎಳೆತವನ್ನೂ ಸೇರಿಸಿಕೊಂಡಿತು. ಆಗ ಮುಂದಿನ ಸಾವಿರ ಕೋಟಿ ವರ್ಷದಲ್ಲಿ ವಿಲೀನದ ಸಾಧ್ಯತೆ ಅರ್ಧಕ್ಕೆ ಅರ್ಧ ಎಂದಾಯಿತು. ಚಿಕ್ಕ ನೆರೆಯವರ ತೂಕವೂ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಒಂದು ವೇಳೆ ಸೇರಿದರೂ ಸೂರ್ಯನ ಸುತ್ತಲಿನ ಗ್ರಹಗಳಿಗೆ ತೊಂದರೆ ಆಗುವ ಸಾಧ್ಯತೆ ತೀರಾ ಕಡಿಮೆ. ಸೂರ್ಯ ಗ್ಯಾಲಕ್ಸಿಯೊಳಗೆ ಜಾಗ ಬದಲಿಸುತ್ತಾನೆ, ಅಷ್ಟೆ.

ಪ್ರಶ್ನೆ: ಎರಡೂ ಗ್ಯಾಲಕ್ಸಿಗಳ ಕೇಂದ್ರದಲ್ಲಿ ಇರುವ ದೊಡ್ಡ ಕಪ್ಪುಕುಳಿಗಳೂ ಸೇರಿಕೊಳ್ಳುತ್ತವಾ? (ಬಿಎಸ್‌ಸಿ ವಿದ್ಯಾರ್ಥಿ, ಕೆಂಗೇರಿ)

ಸಾಮಾನ್ಯವಾಗಿ ಕೊನೆಗೆ ಸೇರುತ್ತವೆ. ಚಂದ್ರಶೇಖರ್ ಹೇಳಿದ ಅದೇ ಬ್ರೇಕ್ ಅವುಗಳನ್ನೂ ನಡುವಿಗೆ ಇಳಿಸುತ್ತದೆ. ಆಮೇಲೆ ಅವು ಒಂದನ್ನೊಂದು ಸುತ್ತುತ್ತಾ ಗುರುತ್ವದ ಅಲೆಗಳಾಗಿ ಶಕ್ತಿ ಚೆಲ್ಲುತ್ತವೆ. ಅವುಗಳ ತೂಕದ ನೂರಕ್ಕೆ ಕೆಲವು ಪಾಲು ಹೀಗೆ ಹೋಗಬಹುದು. ಗ್ಯಾಲಕ್ಸಿಗೆ ಅದು ಲೆಕ್ಕಕ್ಕೇ ಇಲ್ಲ. ನಮ್ಮ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು, ಆಕಾಶಗಂಗೆ ಸುಮಾರು ಒಂದು ಲಕ್ಷ ಕೋಟಿ ಸೂರ್ಯರಷ್ಟು. ಆದರೆ ಅಲೆಗಳು ಒಂದು ಕಡೆಗೆ ಜಾಸ್ತಿ ಹೋದರೆ, ಸೇರಿ ಆದ ಕಪ್ಪುಕುಳಿ ಇನ್ನೊಂದು ಕಡೆಗೆ ಒದೆ ತಿನ್ನುತ್ತದೆ. ಒದೆ ಜೋರಾಗಿದ್ದರೆ ಗ್ಯಾಲಕ್ಸಿಯಿಂದಲೇ ಹೊರಗೆ ಹೋಗಬಹುದು.

ಇಂಥ ಜೋಡಿಗಳೆಲ್ಲ ಸೇರಿ ಎಬ್ಬಿಸುವ ಗುರುತ್ವದ ಅಲೆಗಳ ಗುಂಗು ಇದೆ ಎಂಬ ಸಾಕ್ಷ್ಯವನ್ನು ಹಲವು ದೇಶಗಳ ತಂಡಗಳು 2023ರ ಜೂನ್‌ನಲ್ಲಿ ಪ್ರಕಟಿಸಿದವು. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಬಳಸುವ ಭಾರತದ ತಂಡವೂ ಅದರಲ್ಲಿತ್ತು. ಇನ್ನೂ ಹತ್ತಿರದ ಸುದ್ದಿ ಬೇಕಾದರೆ ನಮ್ಮ ಕೋರಮಂಗಲದ್ದೇ ಇದೆ. ಅಲ್ಲಿನ ಭಾರತೀಯ ಖಭೌತ ಸಂಸ್ಥೆಯ ಸಂಶೋಧಕರು ಎನ್‌ಜಿಸಿ 7733 ಮತ್ತು 7734 ಜೋಡಿಯನ್ನು ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ದೂರದರ್ಶಕದಿಂದ ನೋಡುತ್ತಿದ್ದರು. ಒಂದರ ತೋಳಿನಲ್ಲಿದ್ದ ಹೊಳಪಿನ ಗಂಟು ಬೇರೆಯೇ ವೇಗದಲ್ಲಿ ಸಾಗುತ್ತಿದೆ ಎಂದು ಗೊತ್ತಾಯಿತು. ಅದು ಮೂರನೇ ಗ್ಯಾಲಕ್ಸಿ! ಮೂರರಲ್ಲೂ ಸಕ್ರಿಯ, ಅಂದರೆ ಸುತ್ತಲಿನ ದ್ರವ್ಯ ನುಂಗುತ್ತಿರುವ, ಕಪ್ಪುಕುಳಿಗಳಿವೆ ಎಂದು ಅವರು 2021ರಲ್ಲಿ ಪ್ರಕಟಿಸಿದರು. ಗಂಟು ಯಾವುದು, ಗ್ಯಾಲಕ್ಸಿ ಯಾವುದು ಎಂದು ಬೇರೆ ಮಾಡಲು ಅಲ್ಲೂ ವೇಗವೇ ಕೈ ಹಿಡಿಯಿತು.

ಪ್ರಶ್ನೆ: ಬೆಂಗಳೂರಿನಿಂದ ಆಂಡ್ರೊಮಿಡಾ ಕಾಣುತ್ತಾ? (ಹಲವರು)

ಊರೊಳಗೆ ಬರಿಗಣ್ಣಿಗೆ ಕಷ್ಟ, ದೀಪಗಳ ಬೆಳಕು ಜಾಸ್ತಿ. ಹೊರಗೆ ಕತ್ತಲಿರುವ ಹಳ್ಳಿಯ ಕಡೆ ಹೋಗಿ. ದೀಪಾವಳಿ ಅಮಾವಾಸ್ಯೆಯ ಸುತ್ತ ಪಟಾಕಿ ಹೊಗೆ ಇರುತ್ತದೆ, ಅದರ ಮುಂದಿನ ಅಮಾವಾಸ್ಯೆ ಒಳ್ಳೆಯದು. ನವೆಂಬರ್ ಕೊನೆಗೆ ರಾತ್ರಿ ಎಂಟೂವರೆ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿ ತಲೆ ಎತ್ತಿ. ಕ್ಯಾಸಿಯೋಪಿಯಾದ ಐದು ನಕ್ಷತ್ರಗಳಲ್ಲಿ ಹೆಚ್ಚು ಚೂಪಾದ ಮೂಲೆ ತೋರುವ ದಿಕ್ಕಿಗೆ ಸಾಗಿದರೆ ಮಸುಕಾದ ಒಂದು ಉದ್ದನೆಯ ಚುಕ್ಕೆ ಸಿಗುತ್ತದೆ. ಸಾಧಾರಣ ಬೈನಾಕ್ಯುಲರ್ ಇದ್ದರೆ ಸಾಕು, ದೂರದರ್ಶಕ ಕೊಳ್ಳುವ ಅವಸರ ಬೇಡ.